ಪೋರ್ಟ್‌ನಲ್ಲಿ ಔಷಧ ಒಳಗೆ ಹೋಗುತ್ತದೆ, ರಕ್ತ ಹಿಂದಕ್ಕೆ ಬರುವುದಿಲ್ಲ: ಇದನ್ನು ಹಾಗೆಯೇ ಬಿಡಬಹುದೇ?

ಪ್ರಶ್ನೆ – ಹಿರಿಮಗಳು

ನನ್ನ ತಾಯಿಗೆ ಬಲ ಸ್ತನದ ಕ್ಯಾನ್ಸರ್‌ಗೆ ಕೀಮೋಥೆರಪಿ ನಡೆಯುತ್ತಿದ್ದು, ಎರಡು ತಿಂಗಳ ಹಿಂದೆ ಎಡಗಡೆ, ಕಾಲರ್ ಬೋನ್‌ನ ಕೆಳಗೆ, ಕೀಮೋ ಪೋರ್ಟ್ (ಚರ್ಮದಡಿಯಲ್ಲಿಡುವ ಪುಟ್ಟ ಡಬ್ಬಿ ಮತ್ತು ಅದರಿಂದ ದೊಡ್ಡ ರಕ್ತನಾಳದೊಳಕ್ಕೆ ಹೋಗುವ ನಳಿಕೆ) ಅಳವಡಿಸಿದ್ದಾರೆ. ಮೊದಲ ಎರಡು ಸುತ್ತುಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ಮೂರನೆಯ ಸುತ್ತಿನಲ್ಲಿ ಸಲೈನ್ ಒಳಗೆ ಹೋಯಿತಾದರೂ, ಸಿರಿಂಜ್ ಎಳೆದಾಗ ರಕ್ತ ಬರಲಿಲ್ಲ. ಅಮ್ಮ ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿದಾಗ ರಕ್ತ ಸರಾಗವಾಗಿ ಬಂದು, ಕೈ ಇಳಿಸಿದ ಕೂಡಲೇ ನಿಂತುಹೋಯಿತು. “ಕೆಲವರಿಗೆ ಹೀಗೇ ಆಗುತ್ತದೆ, ಔಷಧ ಹೋದರೆ ಸಾಕು” ಎಂದು ಅಲ್ಲಿದ್ದವರು ಹೇಳಿ, ಕೈ ಎತ್ತಿಸಿಯೇ ಔಷಧ ಕೊಟ್ಟರು. ಜ್ವರವಿಲ್ಲ, ತೋಳಿನಲ್ಲಿ ಊತವಿಲ್ಲ, ಪೋರ್ಟ್‌ನ ಮೇಲಿನ ಚರ್ಮ ಕೆಂಪಾಗಿಲ್ಲ. ಮುಂದಿನ ಸುತ್ತಿಗೆ ಇನ್ನು ಹತ್ತು ದಿನಗಳಿವೆ. ಅಷ್ಟರೊಳಗೆ ನಾವು ಏನನ್ನಾದರೂ ವಿಚಾರಿಸಬೇಕೇ?

ಉತ್ತರ 1 – ಕೀಮೋ ವಾರ್ಡಿನ ನರ್ಸ್

ಔಷಧ ಹೋದರೆ ಸಾಕು ಎಂಬ ಮಾತನ್ನು ದಯವಿಟ್ಟು ಒಪ್ಪಬೇಡಿ. ಸೂಜಿ ಸರಿಯಾದ ಜಾಗದಲ್ಲಿದೆ, ನಳಿಕೆಯ ತುದಿ ರಕ್ತನಾಳದ ಒಳಗೇ ಇದೆ ಎನ್ನುವುದಕ್ಕೆ ಹಾಸಿಗೆಯ ಪಕ್ಕದಲ್ಲಿ ನಮಗೆ ಸಿಗುವ ಮುಖ್ಯ ಸಾಕ್ಷಿಯೇ ಆ ಹಿಂದಕ್ಕೆ ಬರುವ ರಕ್ತ. ಡಾಕ್ಸೊರುಬಿಸಿನ್‌ನಂತಹ ಕೀಮೋ ಔಷಧ ರಕ್ತನಾಳದಿಂದಾಚೆ ಸೋರಿದರೆ ಒಳಗಿನ ಮಾಂಸವೇ ಸುಟ್ಟಂತಾಗಿ ಹುಣ್ಣಾಗಬಹುದು. ಹಾಗಾಗಿ ರಕ್ತ ಬಾರದಿದ್ದರೆ ಕಾರಣ ತಿಳಿಯುವವರೆಗೆ ನಾವು ಅಂತಹ ಔಷಧವನ್ನು ಪೋರ್ಟ್‌ನಲ್ಲಿ ಹರಿಸುವುದಿಲ್ಲ.

ಕಾರಣಗಳಲ್ಲಿ ಮೊದಲು ಅತಿ ಸರಳವಾದದ್ದನ್ನು ನೋಡಬೇಕು: ಪೋರ್ಟ್‌ಗೆ ಚುಚ್ಚುವ ಹ್ಯೂಬರ್ ಸೂಜಿ ಅದರ ಮೇಲಿನ ಸಿಲಿಕೋನ್ ಪದರವನ್ನು ದಾಟಿ ಪೋರ್ಟ್‌ನ ತಳವನ್ನು ಮುಟ್ಟಿದೆಯೇ, ಅಥವಾ ಪೋರ್ಟ್ ಚರ್ಮದಡಿಯಲ್ಲಿ ಮಗುಚಿಕೊಂಡಿದೆಯೇ ಎಂಬುದು. ಅದಾದ ಮೇಲೆ ಹೆಚ್ಚಾಗಿ ಕಾಣುವುದು ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಪೊರೆ. ನಳಿಕೆಯ ತುದಿಯ ಸುತ್ತ ಬೆಳೆಯುವ ಈ ತೆಳುಪೊರೆ ಕವಾಟದಂತೆ ವರ್ತಿಸುತ್ತದೆ. ಒಳಗೆ ತಳ್ಳಿದಾಗ ಸರಿದು ದಾರಿ ಬಿಡುತ್ತದೆ, ಎಳೆದಾಗ ತುದಿಗೆ ಅಂಟಿಕೊಂಡು ಬಾಯಿ ಮುಚ್ಚುತ್ತದೆ. ವೈದ್ಯರು ಸೂಚಿಸಿದರೆ ಹೆಪ್ಪನ್ನು ಕರಗಿಸುವ ಔಷಧವಾದ ಆಲ್ಟೆಪ್ಲೇಸ್ 2 ಮಿಲಿಗ್ರಾಂ ಅನ್ನು ನಳಿಕೆಯೊಳಗೆ ತುಂಬಿಸಿಟ್ಟು, 30 ನಿಮಿಷದಿಂದ 2 ಗಂಟೆಯವರೆಗೆ ಕಾದು ಮತ್ತೆ ಎಳೆದು ನೋಡುತ್ತೇವೆ. ಅನೇಕರಿಗೆ ಅಷ್ಟರಲ್ಲೇ ಸರಿಯಾಗುತ್ತದೆ. ಚಿಕ್ಕ ಸಿರಿಂಜಿನಿಂದ ಬಲವಾಗಿ ತಳ್ಳಲು ಮಾತ್ರ ಯಾರಿಗೂ ಬಿಡಬೇಡಿ. ಸಿರಿಂಜ್ ಚಿಕ್ಕದಾದಷ್ಟೂ ಒತ್ತಡ ಹೆಚ್ಚಿ ನಳಿಕೆ ಒಡೆಯಬಹುದಾದ ಕಾರಣ 10 ಮಿಲಿಲೀಟರಿಗಿಂತ ಸಣ್ಣದನ್ನು ನಾವು ಬಳಸುವುದಿಲ್ಲ.

ಉತ್ತರ 2 – ಎರಡನೆಯ ಪೋರ್ಟ್‌ನವನು

ನಿಮ್ಮ ತಾಯಿಯವರ ತೊಂದರೆ ಬೇರೆ ಬಗೆಯದು, ಆದರೂ ಪೋರ್ಟ್ ಇರುವವರ ಮನೆಯವರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ. ನನ್ನ ಮೊದಲ ಪೋರ್ಟ್‌ಗೆ ಸೋಂಕು ತಗುಲಿದಾಗ ಹೊರಗೆ ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಪೋರ್ಟನ್ನು ಫ್ಲಶ್ ಮಾಡಿಸಿಕೊಂಡು (ಸಲೈನ್ ಹಾಯಿಸಿ ತೊಳೆಸಿಕೊಂಡು) ಮನೆಗೆ ಬಂದ ಅರ್ಧ ಗಂಟೆಗೆ ಹಲ್ಲು ಕಟಕಟಿಸುವಂತಹ ಚಳಿ ಬಂದು, ಹಿಂದೆಯೇ ಜ್ವರ ಏರುತ್ತಿತ್ತು. ಸಂಜೆಯ ಹೊತ್ತಿಗೆ ಎಲ್ಲವೂ ಇಳಿಯುತ್ತಿತ್ತು. ಎರಡು ಸಲ ಅದನ್ನು ಕೀಮೋದ ಸುಸ್ತು ಎಂದುಕೊಂಡು ಸುಮ್ಮನಿದ್ದೆ. ಮೂರನೆಯ ಸಲ ಪೋರ್ಟ್‌ನಿಂದಲೂ ಕೈಯ ರಕ್ತನಾಳದಿಂದಲೂ ಒಟ್ಟಿಗೇ ರಕ್ತ ತೆಗೆದು ಕಲ್ಚರ್‌ಗೆ (ಸೂಕ್ಷ್ಮಾಣುಗಳನ್ನು ಬೆಳೆಸಿ ನೋಡುವ ಪರೀಕ್ಷೆಗೆ) ಕಳುಹಿಸಿದರು. ಪೋರ್ಟ್‌ನ ಮಾದರಿಯಲ್ಲಿ ಸೂಕ್ಷ್ಮಾಣುಗಳು ಕೈಯ ಮಾದರಿಗಿಂತ 2 ಗಂಟೆಗೂ ಹೆಚ್ಚು ಮೊದಲೇ ಕಾಣಿಸಿಕೊಂಡದ್ದರಿಂದ ಮೂಲ ಪೋರ್ಟ್ ಎಂದು ಖಚಿತವಾಯಿತು. ಅದು ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಆಗಿದ್ದ ಕಾರಣ ಆಂಟಿಬಯಾಟಿಕ್ ಒಂದನ್ನೇ ನಂಬದೆ ಪೋರ್ಟನ್ನೂ ತೆಗೆದರು.

ಉತ್ತರ 3 – ಶಸ್ತ್ರಚಿಕಿತ್ಸಕ

ನರ್ಸ್ ಅವರು ಬರೆದುದೆಲ್ಲ ಸರಿಯೇ, ಆದರೆ ಪ್ರಶ್ನೆಯಲ್ಲಿನ ಒಂದು ವಾಕ್ಯದ ಕಡೆಗೆ ಗಮನ ಸೆಳೆಯಬೇಕಾಗಿದೆ. ಕೈ ಎತ್ತಿದಾಗ ರಕ್ತ ಬಂದು, ಇಳಿಸಿದಾಗ ನಿಲ್ಲುವುದು ಫೈಬ್ರಿನ್ ಪೊರೆಗಿಂತ ಹೆಚ್ಚಾಗಿ ನಳಿಕೆ ಎಲ್ಲೋ ಅದುಮಿಕೊಳ್ಳುತ್ತಿರುವುದರ ಲಕ್ಷಣ.

ನಳಿಕೆಯನ್ನು ಕಾಲರ್ ಬೋನ್‌ನ ಅಡಿಯಲ್ಲಿ ಸಾಗುವ ಸಬ್‌ಕ್ಲೇವಿಯನ್ ರಕ್ತನಾಳದ ಮೂಲಕ, ಎದೆಯ ಮಧ್ಯಭಾಗಕ್ಕೆ ತೀರ ಹತ್ತಿರದಲ್ಲಿ ಹಾಯಿಸಿದರೆ, ಅದು ಕಾಲರ್ ಬೋನ್ ಮತ್ತು ಮೊದಲ ಪಕ್ಕೆಲುಬುಗಳ ನಡುವಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳಬಹುದು. ಕೈ ಇಳಿದಿರುವಾಗ ಆ ಎಲುಬುಗಳೆರಡೂ ಕತ್ತರಿಯ ಅಲಗುಗಳಂತೆ ನಳಿಕೆಯನ್ನು ಹಿಸುಕುತ್ತವೆ, ಎತ್ತಿದಾಗ ಬಿಡುತ್ತವೆ. ಇದಕ್ಕೆ ಪಿಂಚ್-ಆಫ್ ಎನ್ನುತ್ತಾರೆ. ತಿಂಗಳುಗಟ್ಟಲೆ ಹೀಗೆ ಉಜ್ಜಿ ಉಜ್ಜಿ ನಳಿಕೆ ತುಂಡಾದರೆ, ಆ ತುಂಡು ರಕ್ತದೊಡನೆ ಹೃದಯಕ್ಕೋ ಶ್ವಾಸಕೋಶದ ರಕ್ತನಾಳಕ್ಕೋ ಹೋಗಿ ಕೂರುತ್ತದೆ. ಕೈ ಎತ್ತಿಸಿ ಔಷಧ ಕೊಟ್ಟದ್ದು ಆ ಹೊತ್ತಿನ ಉಪಾಯವಾಯಿತು, ಆದರೆ ಎಚ್ಚರಿಕೆಯ ಗಂಟೆಯನ್ನು ಕೇಳಿಸದಂತೆ ಮಾಡಿತು ಎಂಬುದು ನನ್ನ ಅಭಿಪ್ರಾಯ.

ಕೊರಳಿನ ಬದಿಯಲ್ಲಿ ಸಣ್ಣ ಗಾಯದ ಗುರುತು ಇದ್ದು, ಕಾಲರ್ ಬೋನ್‌ನ ಮೇಲೆ ಬೆರಳಾಡಿಸಿದಾಗ ಚರ್ಮದಡಿಯಲ್ಲಿ ದಾರದಂತಹ ನಳಿಕೆ ಸಿಕ್ಕರೆ, ಅದು ಕೊರಳಿನ ಜುಗ್ಯುಲರ್ ರಕ್ತನಾಳದ ಮೂಲಕ ಹೋಗಿದೆ. ಆಗ ಪಿಂಚ್-ಆಫ್ ಸಂಭವಿಸದು. ಎರಡೂ ಇಲ್ಲವಾದರೆ ಹತ್ತು ದಿನ ಕಾಯಬೇಡಿ. ನೇರವಾಗಿ ನಿಲ್ಲಿಸಿ, ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟ ಸ್ಥಿತಿಯಲ್ಲೇ ಎದೆಯ ಎಕ್ಸ್-ರೇ ತೆಗೆಸಲು ಕೇಳಿ. ಸಾಮಾನ್ಯವಾಗಿ ಭುಜಗಳನ್ನು ಮುಂದಕ್ಕೆ ಚಾಚಿಸಿ ತೆಗೆಯುತ್ತಾರೆ. ಹಾಗೆ ತೆಗೆದರೆ ಹಿಸುಕು ಕಾಣದೆ ಹೋಗಬಹುದು.

ಪ್ರಶ್ನೆ ಕೇಳಿದವರಿಂದ – ನಾಲ್ಕು ದಿನಗಳ ನಂತರ

ಕೊರಳಿನಲ್ಲಿ ಗುರುತಿರಲಿಲ್ಲ, ಬೆರಳಿಗೆ ನಳಿಕೆಯೂ ಸಿಗಲಿಲ್ಲ. ಎಕ್ಸ್-ರೇ ತೆಗೆಯುವವರಿಗೆ ಕೈ ಇಳಿಸಿಯೇ ತೆಗೆಯಬೇಕೆಂದು ಎರಡು ಬಾರಿ ಹೇಳಬೇಕಾಯಿತು. ಚಿತ್ರದಲ್ಲಿ ಎಲುಬುಗಳು ಒಂದರ ಮೇಲೊಂದು ಹಾಯುವ ಜಾಗದಲ್ಲಿ ನಳಿಕೆಯ ಬಿಳಿಗೆರೆ ಸ್ಪಷ್ಟವಾಗಿ ಸಣ್ಣಗಾಗಿದೆ, ಎಲ್ಲಿಯೂ ತುಂಡಾಗಿಲ್ಲ. ಹಳೆಯ ಪೋರ್ಟನ್ನು ತೆಗೆದು, ಅಲ್ಟ್ರಾಸೌಂಡ್ ನೋಡುತ್ತಾ ಕೊರಳಿನ ರಕ್ತನಾಳದ ಮೂಲಕ ಹೊಸದನ್ನು ಇಡುವುದೆಂದು ತೀರ್ಮಾನವಾಗಿದೆ. ಬದಲಿಸುವ ಬದಲು ಕಾಯಬಹುದಿತ್ತೇ ಎಂದು ಅಮ್ಮ ಕೇಳುತ್ತಿದ್ದಾರೆ.

ಶಸ್ತ್ರಚಿಕಿತ್ಸಕ

ನಳಿಕೆ ಕೇವಲ ಬಾಗಿದ್ದು ಒಳದಾರಿ ಕಿರಿದಾಗದಿದ್ದರೆ ಆಗಾಗ ಎಕ್ಸ್-ರೇ ತೆಗೆದು ಕಾಯುವುದುಂಟು. ಒಳದಾರಿ ಕಿರಿದಾದ ಮೇಲೆ ಕಾಯುವುದಿಲ್ಲ. ತೆಗೆದ ನಳಿಕೆಯನ್ನು ಪೂರ್ತಿ ಉದ್ದ ಅಳೆದು ನೋಡಲು ಕೇಳಿ, ಹೊಸ ಪೋರ್ಟ್‌ನ ಕಾರ್ಡಿನಲ್ಲಿ ಯಾವ ರಕ್ತನಾಳ ಎಂಬುದನ್ನು ತಪ್ಪದೆ ಬರೆಸಿಕೊಳ್ಳಿ.