ಕಾಲೇಜಿನ ಲ್ಯಾಬ್‌ನಲ್ಲಿ ಫ್ರೀಬಿಎಸ್‌ಡಿಯನ್ನು ಸೋರ್ಸ್ ಕೋಡ್‌ನಿಂದ ಕಟ್ಟುವುದು: ಬಿಲ್ಡ್‌ವರ್ಲ್ಡ್ ಅರ್ಧಕ್ಕೇ ನಿಲ್ಲುತ್ತಿದೆ

ಪ್ರಶ್ನೆ (ಕೊಥ್ರೂಡ್, ಪುಣೆ)

ನಮಸ್ಕಾರ. ನಾನು ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಂ ವಿಷಯವನ್ನು ಕಲಿಸುತ್ತೇನೆ. ವಿದ್ಯಾರ್ಥಿಗಳು ಕರ್ನೆಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಗ್ಗೆ ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆಯುವುದರ ಜೊತೆಗೆ, ಒಂದು ಇಡೀ ವ್ಯವಸ್ಥೆಯನ್ನು ತಾವೇ ಕಂಪೈಲ್ ಮಾಡಿ, ಅದರಿಂದಲೇ ಯಂತ್ರವನ್ನು ಬೂಟ್ ಮಾಡಿ ನೋಡಬೇಕು ಎಂಬುದು ನನ್ನ ಬಹಳ ದಿನಗಳ ಆಸೆ. ಕರ್ನೆಲ್, ಸಿ ಲೈಬ್ರರಿ, ಶೆಲ್, ಕಂಪೈಲರ್ ಎಲ್ಲವೂ ಒಂದೇ ಗಿಟ್ ರೆಪಾಸಿಟರಿಯಲ್ಲಿ ಸಿಗುತ್ತವೆ ಎಂಬ ಕಾರಣಕ್ಕೆ ಯುನಿಕ್ಸ್ ಮಾದರಿಯ ಮುಕ್ತ ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿಯನ್ನು ಆರಿಸಿಕೊಂಡಿದ್ದೇನೆ. ಲಿನಕ್ಸನ್ನು ಸೋರ್ಸ್‌ನಿಂದ ಕಟ್ಟಲು ಕಲಿಸುವ, 1999ರಲ್ಲಿ ಆರಂಭವಾದ ಲಿನಕ್ಸ್ ಫ್ರಂ ಸ್ಕ್ರ್ಯಾಚ್ ಯೋಜನೆ ಕೂಡ ನನಗೆ ಮೆಚ್ಚಿಕೆಯದೇ. ಆದರೆ ಅದರಲ್ಲಿ ಒಂದೊಂದು ಪ್ಯಾಕೇಜನ್ನೂ ಬೇರೆ ಬೇರೆ ಕಡೆಯಿಂದ ತಂದು ಜೋಡಿಸಬೇಕಾಗಿರುವುದರಿಂದ ನಮ್ಮ ಸೆಮಿಸ್ಟರಿನ ಅವಧಿ ಸಾಲುವುದಿಲ್ಲ.

ಸದ್ಯ ಪರೀಕ್ಷೆಗೆಂದು ಇಟ್ಟುಕೊಂಡಿರುವ ಯಂತ್ರದಲ್ಲಿ 8 ಜಿಬಿ ಮೆಮೊರಿ ಇದೆ, 14.0 ಆವೃತ್ತಿ ಇದೆ. ಸ್ಟೇಬಲ್ 14 ಶಾಖೆಯ ಸೋರ್ಸ್ ಇಳಿಸಿಕೊಂಡು ‘ಮೇಕ್ -ಜೆ8 ಬಿಲ್ಡ್‌ವರ್ಲ್ಡ್’ (ಕರ್ನೆಲ್ ಬಿಟ್ಟು ಉಳಿದ ವ್ಯವಸ್ಥೆಯನ್ನು, ಅಂದರೆ ‘ವರ್ಲ್ಡ್’ ಅನ್ನು, ಒಟ್ಟಿಗೆ ಎಂಟು ಕೆಲಸಗಳಾಗಿ ಕಟ್ಟುವ ಕಮಾಂಡ್) ಕೊಟ್ಟರೆ, ಕಂಪೈಲರಿಗೆ ಆಧಾರವಾದ ಎಲ್‌ಎಲ್‌ವಿಎಂ ಭಾಗ ಬಂದಾಗ ಬಿಲ್ಡ್ ನಿಂತುಹೋಗುತ್ತದೆ. ಪರದೆಯ ಕೊನೆಯ ಸಾಲುಗಳಲ್ಲಿ ‘ಸ್ಟಾಪ್’ ಎಂಬುದನ್ನು ಬಿಟ್ಟರೆ ಕಾರಣವೇನೂ ಕಾಣುವುದಿಲ್ಲ. ಕಂಪೈಲರ್ ಈಗಾಗಲೇ ಯಂತ್ರದಲ್ಲಿ ಇರುವಾಗ ಅದನ್ನೇ ಮತ್ತೆ ಯಾಕೆ ಕಟ್ಟುತ್ತದೆ ಎಂಬುದೂ ತಿಳಿಯಲಿಲ್ಲ. ಇನ್ನೊಂದು ತೊಂದರೆಯೆಂದರೆ, ನಮ್ಮ ಕಡೆ ಗುರುವಾರಗಳಂದು ದುರಸ್ತಿಗೆಂದು ಗಂಟೆಗಟ್ಟಲೆ ಕರೆಂಟ್ ತೆಗೆಯುತ್ತಾರೆ. ಅಷ್ಟು ಹೊತ್ತು ಯುಪಿಎಸ್ ತಡೆಯುವುದಿಲ್ಲ. ಕೊನೆಯದಾಗಿ, ಕರ್ನೆಲ್ ಹಾಕಿ ರೀಬೂಟ್ ಮಾಡಿದ ಮೇಲೆಯೇ ವರ್ಲ್ಡ್ ಹಾಕಬೇಕು ಎಂದು ಕೈಪಿಡಿ ಹೇಳುತ್ತದೆ. ಒಟ್ಟಿಗೇ ಹಾಕಿದರೆ ಏನಾಗುತ್ತದೆ ಎಂದು ವಿದ್ಯಾರ್ಥಿಗಳು ಖಂಡಿತ ಕೇಳುತ್ತಾರೆ. ಅವರಿಗೆ ಸರಿಯಾದ ಉತ್ತರ ಕೊಡಬೇಕು.

ಉತ್ತರ (ಡೊಂಬಿವಲಿ, ಮುಂಬಯಿ)

ಮೊದಲು ಕಾರಣವನ್ನು ಖಚಿತಪಡಿಸಿಕೊಳ್ಳೋಣ. ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತಿರುವಾಗ ಒಂದು ಸೋತರೂ ಉಳಿದವು ತಮ್ಮ ಸಾಲುಗಳನ್ನು ಮುದ್ರಿಸುತ್ತಲೇ ಇರುವುದರಿಂದ, ನಿಜವಾದ ದೋಷದ ಸಾಲು ಮೇಲೆಲ್ಲೋ ಹೂತುಹೋಗಿರುತ್ತದೆ. ಹಾಗಾಗಿ ಔಟ್‌ಪುಟ್ಟನ್ನು ‘ಸ್ಕ್ರಿಪ್ಟ್’ ಕಮಾಂಡಿನಿಂದ ಒಂದು ಫೈಲಿಗೆ ಉಳಿಸಿಕೊಂಡು, ಕೆಳಗಿನಿಂದ ಮೇಲಕ್ಕೆ ಹುಡುಕಿ. ‘ಕಿಲ್ಡ್’ ಎಂಬ ಪದ ಸಿಕ್ಕರೆ ‘ಡಿಮೆಸೆಜ್’ (ಕರ್ನೆಲ್ ಸಂದೇಶಗಳನ್ನು ತೋರಿಸುವ ಕಮಾಂಡ್) ನೋಡಿ. ಅಲ್ಲಿ ಸಿ++ ಕಂಪೈಲರಿನ ಪ್ರೊಸೆಸ್ ನಂಬರಿನ ಮುಂದೆ ‘ವಾಸ್ ಕಿಲ್ಡ್: ಫೇಲ್ಡ್ ಟು ರಿಕ್ಲೇಮ್ ಮೆಮೊರಿ’ ಎಂದಿದ್ದರೆ ಸೋರ್ಸ್ ಕೋಡಿನಲ್ಲಿ ಯಾವ ದೋಷವೂ ಇಲ್ಲ, ಮೆಮೊರಿ ಸಾಲದೆ ಕರ್ನೆಲ್ಲೇ ಆ ಪ್ರೊಸೆಸ್ಸನ್ನು ಕೊಂದಿದೆ ಎಂದು ಅರ್ಥ. ನಿಮ್ಮ ವಿವರಣೆ ನೋಡಿದರೆ ಇದೇ ಇರಬೇಕು. ಎಲ್‌ಎಲ್‌ವಿಎಂನ ಸಿ++ ಫೈಲುಗಳು ಒಂದೊಂದೂ ಬಹಳ ಮೆಮೊರಿ ಬೇಡುತ್ತವೆ, ಅದನ್ನು ಆಧರಿಸಿದ ಕಂಪೈಲರ್ ಆದ ಕ್ಲಾಂಗ್ ಲಿಂಕ್ ಆಗುವ ಹಂತವಂತೂ ಇನ್ನೂ ಭಾರ. ಎಂಟು ಕೆಲಸಗಳನ್ನು ಮೂರಕ್ಕೋ ನಾಲ್ಕಕ್ಕೋ ಇಳಿಸಿ, ಸ್ವಾಪ್ (ಮೆಮೊರಿ ಸಾಲದಾಗ ಬಳಕೆಯಾಗುವ ಡಿಸ್ಕಿನ ಜಾಗ) ಹೆಚ್ಚಿಸಿ.

ಕಂಪೈಲರ್ ಯಾಕೆ ಮತ್ತೆ ಎಂಬ ಪ್ರಶ್ನೆ ತರಗತಿಯಲ್ಲಿ ಅರ್ಧ ಗಂಟೆ ಕೊಡಬೇಕಾದಂಥದ್ದು. ಬಿಲ್ಡ್‌ವರ್ಲ್ಡ್ ಯಂತ್ರದಲ್ಲಿರುವ ಹಳೆಯ ಉಪಕರಣಗಳಿಂದ ನೇರವಾಗಿ ಹೊಸ ವ್ಯವಸ್ಥೆಯನ್ನು ಕಟ್ಟುವುದಿಲ್ಲ. ಮೊದಲು ಬೂಟ್‌ಸ್ಟ್ರ್ಯಾಪ್ ಉಪಕರಣಗಳು, ಅವುಗಳಿಂದ ಹೊಸ ಸೋರ್ಸ್‌ಗೆ ಹೊಂದುವ ಕಂಪೈಲರ್, ಆ ಕಂಪೈಲರಿನಿಂದ ಲೈಬ್ರರಿಗಳು, ಆಮೇಲೆ ಉಳಿದದ್ದೆಲ್ಲ. ಯಂತ್ರದ ಕಂಪೈಲರ್ ಮತ್ತು ಸೋರ್ಸ್‌ನಲ್ಲಿರುವ ಕಂಪೈಲರ್ ಒಂದೇ ಆವೃತ್ತಿಯಾಗಿದ್ದರೆ ನಡುವಿನ ಆ ಹಂತವನ್ನು ಅದು ತಾನೇ ಬಿಟ್ಟುಬಿಡುತ್ತದೆ. 14.0ರಲ್ಲಿ ಇದ್ದದ್ದು ಕ್ಲಾಂಗ್ 16, 14.1ಕ್ಕೆ ಬರುವಷ್ಟರಲ್ಲಿ ಅದು 18 ಆಗಿತ್ತು. ಆದ್ದರಿಂದ ನಿಮ್ಮಲ್ಲಿ ಕ್ಲಾಂಗ್ ಎರಡು ಸಲ ಕಟ್ಟಲ್ಪಡುತ್ತಿದೆ: ಒಮ್ಮೆ ಕಟ್ಟುವ ಸಾಧನವಾಗಿ, ಇನ್ನೊಮ್ಮೆ ಹೊಸ ವ್ಯವಸ್ಥೆಯ ಭಾಗವಾಗಿ. ಯಂತ್ರವನ್ನು ಮೊದಲು ಫ್ರೀಬಿಎಸ್‌ಡಿ-ಅಪ್‌ಡೇಟ್ ಮೂಲಕ ಈಚಿನ 14.x ಬಿಡುಗಡೆಗೆ ತಂದುಕೊಂಡರೆ ಒಂದು ಸಲದ ಕೆಲಸ ಉಳಿಯುವ ಸಾಧ್ಯತೆ ಹೆಚ್ಚು.

ಬಿಲ್ಡ್‌ನ ಆಯ್ಕೆಗಳನ್ನು ಬರೆಯುವ ಎಸ್‌ಆರ್‌ಸಿ.ಕಾನ್ಫ್ ಫೈಲಿನಲ್ಲಿ ‘ವಿತೌಟ್_ಎಲ್‌ಎಲ್‌ವಿಎಂ_ಟಾರ್ಗೆಟ್_ಆಲ್’ ಬರೆದರೆ ನಿಮ್ಮ ಪ್ರೊಸೆಸರಿಗೆ ಬೇಕಾದ ಭಾಗ ಮಾತ್ರ ಕಟ್ಟಲ್ಪಡುತ್ತದೆ. ಆದರೆ ಸಮಯ ಉಳಿಸಲೆಂದು ‘ವಿತೌಟ್_ಕ್ಲಾಂಗ್’ ಬರೆಯಲು ದಯವಿಟ್ಟು ಹೋಗಬೇಡಿ. ಹಾಗೆ ಬರೆದಿದ್ದಾಗ ಕೊನೆಯಲ್ಲಿ ಬೇಡವಾದ ಹಳೆಯ ಫೈಲುಗಳನ್ನು ಅಳಿಸುವ ‘ಮೇಕ್ ಡಿಲೀಟ್-ಓಲ್ಡ್’ ಕೊಟ್ಟರೆ ಇರುವ ಕಂಪೈಲರನ್ನೂ ಅದು ತೆಗೆದುಹಾಕುತ್ತದೆ. ಮುಂದಿನ ಸಲ ಕಟ್ಟಲು ಯಂತ್ರದಲ್ಲಿ ಏನೂ ಇರುವುದಿಲ್ಲ.

ಉತ್ತರ (ಮಡಗಾಂವ್, ಗೋವಾ)

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ನಾನು ಕರೆಂಟಿನ ಮತ್ತು ಕ್ರಮದ ಪ್ರಶ್ನೆಗಳಿಗೆ ಮಾತ್ರ ಬರೆಯುತ್ತೇನೆ. ಇಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಲು ವಾರದ ದಿನ ನೋಡಬೇಕಾಗಿಲ್ಲ.

ಕಂಪೈಲ್ ನಡೆಯುವಾಗ ಕರೆಂಟ್ ಹೋದರೆ ಸಮಯ ಹಾಳಾಗಬಹುದು, ವ್ಯವಸ್ಥೆ ಹಾಳಾಗುವುದಿಲ್ಲ, ಏಕೆಂದರೆ ಅಲ್ಲಿಯವರೆಗೆ ಎಲ್ಲವೂ ಯುಎಸ್‌ಆರ್ ಅಡಿಯ ಒಬಿಜೆ ಡೈರೆಕ್ಟರಿಯಲ್ಲೇ ಇರುತ್ತದೆ. ಆ ಸಮಯವನ್ನೂ ಉಳಿಸಲು ‘ಫೈಲ್‌ಮಾನ್’ ಮಾಡ್ಯೂಲ್ ಲೋಡ್ ಮಾಡಿ, ‘ವಿತ್_ಮೆಟಾ_ಮೋಡ್’ ಬಳಸಿ. ಪ್ರತಿಯೊಂದು ಫೈಲು ಯಾವ ಕಮಾಂಡಿನಿಂದ, ಯಾವ ಯಾವ ಫೈಲುಗಳನ್ನು ಓದಿ ಹುಟ್ಟಿತು ಎಂಬುದು ದಾಖಲಾಗುವುದರಿಂದ ಮತ್ತೆ ಆರಂಭಿಸಿದಾಗ ಬೇಕಾದದ್ದು ಮಾತ್ರ ಕಂಪೈಲ್ ಆಗುತ್ತದೆ. ಗಮನಿಸಿ, ಈ ಸಾಲನ್ನು ಎಸ್‌ಆರ್‌ಸಿ-ಎನ್ವ್.ಕಾನ್ಫ್ ಎಂಬ ಬೇರೆಯೇ ಫೈಲಿನಲ್ಲಿ ಬರೆಯಬೇಕು. ಎಸ್‌ಆರ್‌ಸಿ.ಕಾನ್ಫ್‌ನಲ್ಲಿ ಬರೆದರೆ ಉಪಯೋಗವಿಲ್ಲ.

ಅಪಾಯ ಇರುವುದು ಕಟ್ಟಿದ್ದನ್ನು ಯಂತ್ರಕ್ಕೆ ಹಾಕುವ ಇನ್‌ಸ್ಟಾಲ್‌ವರ್ಲ್ಡ್ ಹಂತದಲ್ಲಿ. ಸಿ ಲೈಬ್ರರಿ ಹೊಸದಾಗಿ, ಅದನ್ನು ನಂಬಿದ ಅರ್ಧದಷ್ಟು ಪ್ರೋಗ್ರಾಮುಗಳು ಹಳೆಯವಾಗಿ ಉಳಿದಿರುವಾಗ ಯಂತ್ರ ಆರಿಹೋಗಬಾರದು. ಡಿಸ್ಕಿನಲ್ಲಿ ಝಡ್‌ಎಫ್‌ಎಸ್ ಫೈಲ್ ಸಿಸ್ಟಂ ಇದ್ದರೆ ಇನ್‌ಸ್ಟಾಲ್ ಆರಂಭಿಸುವ ಮುನ್ನ ‘ಬಿಇಸಿಟಿಎಲ್ ಕ್ರಿಯೇಟ್’ ಕೊಟ್ಟು ಒಂದು ಬೂಟ್ ಎನ್ವಿರಾನ್‌ಮೆಂಟ್ ಮಾಡಿಟ್ಟುಕೊಳ್ಳಿ. ಏನೇ ಕೆಟ್ಟರೂ ಲೋಡರ್ ಮೆನುವಿನಲ್ಲಿ ಅದನ್ನು ಆರಿಸಿದರೆ ಹಿಂದಿನ ಸ್ಥಿತಿ ಹಾಗೆಯೇ ಸಿಗುತ್ತದೆ. ಕಲಿಸುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಕ್ರಮದ ಬಗ್ಗೆ. ಹೊಸ ಕರ್ನೆಲ್‌ಗೆ ಹಳೆಯ ಸಿಸ್ಟಂ ಕಾಲ್‌ಗಳು (ಪ್ರೋಗ್ರಾಮುಗಳು ಕರ್ನೆಲ್‌ಗೆ ಮಾಡುವ ಕೋರಿಕೆಗಳು) ಗೊತ್ತಿರುತ್ತವೆ. ಜೆನೆರಿಕ್ ಎಂಬ ಮೂಲ ಕರ್ನೆಲ್ ಸಂರಚನೆಯಲ್ಲಿ ಹಿಂದಿನ ಆವೃತ್ತಿಗಳಿಗಾಗಿ ಕಂಪ್ಯಾಟ್ (ಹೊಂದಾಣಿಕೆ) ಆಯ್ಕೆಗಳನ್ನು ಇಟ್ಟಿರುವುದೇ ಅದಕ್ಕೆ. ಆದರೆ ಹಳೆಯ ಕರ್ನೆಲ್‌ಗೆ ಮುಂದೆ ಹುಟ್ಟಲಿರುವ ಸಿಸ್ಟಂ ಕಾಲ್ ಗೊತ್ತಿರಲು ಸಾಧ್ಯವಿಲ್ಲ. ಹೊಸ ಲೈಬ್ರರಿ ಅಂಥದ್ದೊಂದನ್ನು ಕರೆದರೆ ಪ್ರೋಗ್ರಾಂ ‘ಬ್ಯಾಡ್ ಸಿಸ್ಟಂ ಕಾಲ್’ ಎಂದು ಸಾಯುತ್ತದೆ. ವಿದ್ಯಾರ್ಥಿಗಳಿಗೆ 2017ರ ಮೇ ತಿಂಗಳಿನ ‘ಐನೋ64’ ಬದಲಾವಣೆಯನ್ನು ಉದಾಹರಣೆಯಾಗಿ ಕೊಡಿ. ಫೈಲುಗಳನ್ನು ಗುರುತಿಸುವ ಐನೋಡ್ ಸಂಖ್ಯೆಯನ್ನು 64 ಬಿಟ್‌ಗೆ ಹಿಗ್ಗಿಸಿದಾಗ ಫೈಲಿನ ವಿವರ ಹೇಳುವ ‘ಸ್ಟಾಟ್’ ರಚನೆಯೇ ಬದಲಾಯಿತು. ಆಗ ಸೋರ್ಸ್‌ನ ‘ಅಪ್‌ಡೇಟಿಂಗ್’ ಫೈಲಿನಲ್ಲಿ, ಹೊಸ ಕರ್ನೆಲ್ ಹಾಕಿದ ಮೇಲೆ, ವರ್ಲ್ಡ್ ಹಾಕುವ ಮೊದಲು ರೀಬೂಟ್ ಮಾಡಲೇಬೇಕು, ಸ್ವಂತ ಸಂರಚನೆ ಬಳಸುವವರು 11ರ ಕಂಪ್ಯಾಟ್ ಆಯ್ಕೆಯನ್ನು ಬಿಡಬಾರದು ಎಂದು ಸ್ಪಷ್ಟವಾಗಿ ಬರೆದಿದ್ದರು. ಆ ಫೈಲನ್ನು ಪ್ರತಿ ಸಲವೂ ಕಟ್ಟುವ ಮುನ್ನ ಓದುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಹಚ್ಚಿಸಿ.

ಪ್ರಶ್ನಿಸಿದವರು (ಕೊಥ್ರೂಡ್, ಪುಣೆ)

ಇಬ್ಬರಿಗೂ ಕೃತಜ್ಞತೆಗಳು. ಡಿಮೆಸೆಜ್‌ನಲ್ಲಿ ಅದೇ ಸಾಲು ಇತ್ತು. ಕೆಲಸಗಳನ್ನು ಮೂರಕ್ಕೆ ಇಳಿಸಿ ಸ್ವಾಪ್ ಸೇರಿಸಿದ ಮೇಲೆ ಬಿಲ್ಡ್‌ವರ್ಲ್ಡ್ ಮುಗಿಯಿತು. ಇನ್ನು ಲ್ಯಾಬಿನ ಪ್ರತಿಯೊಂದು ಯಂತ್ರದಲ್ಲೂ ಇಷ್ಟು ಹೊತ್ತು ಕಾಯಬೇಕೇ? ಮತ್ತು ಹಳೆಯ ಲೈಬ್ರರಿಗಳನ್ನು ಯಾವಾಗ ಅಳಿಸಬೇಕು?

ಉತ್ತರ (ಪಿಂಪ್ರಿ, ಪುಣೆ)

ಕಾಯಬೇಕಾಗಿಲ್ಲ. ಇರುವುದರಲ್ಲಿ ಗಟ್ಟಿಯಾದ ಒಂದು ಯಂತ್ರದಲ್ಲಿ ಕಟ್ಟಿ, ಅದರ ಎಸ್‌ಆರ್‌ಸಿ ಮತ್ತು ಒಬಿಜೆ ಡೈರೆಕ್ಟರಿಗಳನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಂ) ಮೂಲಕ ಹಂಚಿ. ಉಳಿದ ಯಂತ್ರಗಳು ಅವನ್ನು ಅದೇ ಪಥದಲ್ಲಿ ಮೌಂಟ್ ಮಾಡಿಕೊಂಡು ಇನ್‌ಸ್ಟಾಲ್ ಹಂತಗಳನ್ನು ಮಾತ್ರ ನಡೆಸಿದರೆ ಸಾಕು. ಕೈಪಿಡಿಯಲ್ಲೂ ಈ ವಿಧಾನವಿದೆ. ವಿದ್ಯಾರ್ಥಿಗಳಿಗೆ ಕಟ್ಟುವ ಅನುಭವ ಸಿಗಬೇಕೆಂದರೆ ಅವರಿಗೆ ಕರ್ನೆಲ್ ಮಾತ್ರ ಕೊಡಿ. ಬಿಲ್ಡ್‌ಕರ್ನೆಲ್‌ಗೆ ಬೇಕಾದ ಕಂಪೈಲರ್ ಬಿಲ್ಡ್‌ವರ್ಲ್ಡ್‌ನಿಂದ ಸಿದ್ಧವಾಗಿರುವುದರಿಂದ ಅದು ತರಗತಿಯ ಅವಧಿಗೆ ಹೊಂದುವ ಕೆಲಸ. ಜೆನೆರಿಕ್ ಅನ್ನು ಒಳಗೊಂಡು ‘ಐಡೆಂಟ್’ ಸಾಲಿನಲ್ಲಿ ತಮ್ಮ ಹೆಸರಿರುವ ಒಂದು ಪುಟ್ಟ ಸಂರಚನೆಯನ್ನು ಪ್ರತಿಯೊಬ್ಬರೂ ಬರೆಯಲಿ. ರೀಬೂಟ್ ಆದ ಮೇಲೆ ‘ಯೂನೇಮ್ -ಐ’ ಕೊಟ್ಟಾಗ ಆ ಹೆಸರು ಪರದೆಯ ಮೇಲೆ ಬರುವುದನ್ನು ಅವರು ನೋಡಲೇಬೇಕು.

ಇನ್‌ಸ್ಟಾಲ್‌ಕರ್ನೆಲ್ ಹಿಂದಿನ ಕರ್ನೆಲನ್ನು ‘ಕರ್ನೆಲ್.ಓಲ್ಡ್’ ಹೆಸರಿನಲ್ಲಿ ಉಳಿಸುತ್ತದೆ ನಿಜ, ಆದರೆ ಒಂದಾದ ಮೇಲೊಂದು ಸಲ ಹಾಕುತ್ತ ಹೋದರೆ ಒಳ್ಳೆಯ ಕರ್ನೆಲ್ ಕೈತಪ್ಪುತ್ತದೆ. ಮೊದಲೇ ಅದನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿಸಿ.

ಹಳೆಯ ಲೈಬ್ರರಿಗಳಿಗೆ ಅವಸರ ಬೇಡ. ‘ಡಿಲೀಟ್-ಓಲ್ಡ್’ ಅನ್ನು ಹೊಸ ವರ್ಲ್ಡ್‌ನಿಂದ ಬೂಟ್ ಆದ ಮೇಲೆ ಕೊಡಬಹುದು. ‘ಡಿಲೀಟ್-ಓಲ್ಡ್-ಲಿಬ್ಸ್’ ಅನ್ನು ಮಾತ್ರ, ಹೊರಗಿನಿಂದ ಹಾಕಿಕೊಂಡ ಪ್ಯಾಕೇಜುಗಳನ್ನು ಹೊಸ ಲೈಬ್ರರಿಗಳಿಗೆ ಹೊಂದುವಂತೆ ಮತ್ತೆ ಹಾಕಿದ ನಂತರವೇ ಕೊಡಿ. ಅಷ್ಟರೊಳಗೆ ಅಳಿಸಿದರೆ ಆ ಪ್ಯಾಕೇಜುಗಳಲ್ಲಿ ಹಲವು ಆರಂಭವಾಗುವುದೇ ಇಲ್ಲ.