ಈ ವಾರದ ಸಮಸ್ಯೆ: ಕತ್ತೆಯನರಸುತೆ ನಡೆದವನರಸಾದನಲಾ

ಪೃಚ್ಛಕ:
ಈ ಸಲ ಕಂದ, ಅಂದರೆ ನಾಲ್ಕು ಸಾಲಿನ ಹಳಗನ್ನಡ ಛಂದಸ್ಸು. ಕೊನೆಯ ಸಾಲು ಕೊಟ್ಟಿದ್ದೇನೆ, ಉಳಿದ ಮೂರು ನಿಮ್ಮವು.

"ಕತ್ತೆಯನರಸುತೆ ನಡೆದವನರಸಾದನಲಾ"

ಒಂದೇ ನಿರ್ಬಂಧ: ಕನಸು ಕಂಡ, ನಾಟಕದಲ್ಲಿ ವೇಷ ಹಾಕಿದ ಅಂತೆಲ್ಲ ಜಾರಿಕೊಳ್ಳುವ ಹಾಗಿಲ್ಲ.

ಗುರುಲಘು:
ಕನಸು ಯಾಕೆ ಸರ್, ಕಥೆಯೇ ಸಿದ್ಧವಾಗಿದೆಯಲ್ಲ! ಇಸ್ರೇಲಿನ ಮೊದಲ ಅರಸ ಸೌಲ. ಬೈಬಲಿನಲ್ಲಿ ಸಮುವೇಲನ ಮೊದಲ ಪುಸ್ತಕ, 9ನೇ ಅಧ್ಯಾಯ. ಅಪ್ಪನ ಕತ್ತೆಗಳು ತಪ್ಪಿಸಿಕೊಂಡವೆಂದು ಒಬ್ಬ ಆಳನ್ನು ಕರೆದುಕೊಂಡು ಎಫ್ರಾಯೀಮಿನ ಬೆಟ್ಟಗಳನ್ನೆಲ್ಲ ಸುತ್ತಿದವನು. ಪ್ರವಾದಿ ಸಮುವೇಲ ಅವನ ತಲೆಗೆ ಎಣ್ಣೆ ಎರೆದು ಅರಸನನ್ನಾಗಿ ಮಾಡಿದ.

ಎತ್ತರದಾಳ್ ಕೀಶನ ಸುತ
ನೆತ್ತಿಗೆ ಸಮುವೇಲನೆಣ್ಣೆಯೆರೆಯಲ್ಕಾಗಳ್
ಸುತ್ತಿ ಗಿರಿನಾಡ ನೆಲದೊಳ್
ಕತ್ತೆಯನರಸುತೆ ನಡೆದವನರಸಾದನಲಾ

"ಎತ್ತರದಾಳ್" ಪ್ರಾಸಕ್ಕೆಂದು ತಂದದ್ದಲ್ಲ. ಜನರ ನಡುವೆ ನಿಂತರೆ ಹೆಗಲಿನಿಂದ ಮೇಲಕ್ಕೆ ಅವನೊಬ್ಬನೇ ಕಾಣುತ್ತಿದ್ದನಂತೆ.

ತುಂಟಪ್ರಾಸ:
ಚೆನ್ನಾಗಿದೆ. ಆರನೇ ಗಣ (ನಾಲ್ಕು ಮಾತ್ರೆಯ ತುಂಡು) "ಲನೆಣ್ಣೆ", ಅಲ್ಲಿಗೆ ಒಪ್ಪುವ ಜಗಣ (ಲಘು-ಗುರು-ಲಘು) ತಾನಾಗಿ ಬಂದು ಕೂತಿದೆ. ಆದರೆ ಸ್ವಾಮಿ, "ಕೀಶ" ಅಂದರೆ ಸಂಸ್ಕೃತದಲ್ಲಿ ಕೋತಿ! ಅವನಪ್ಪನ ಹೆಸರು ಕೀಷ. ಕತ್ತೆಯ ಜೊತೆ ಕೋತಿಯನ್ನೂ ಕರೆತಂದಿರಲ್ಲ.

ಗುರುಲಘು:
ಅಯ್ಯೋ! ಷಕಾರ ಹಾಕಿಕೊಂಡು ಓದಿ, ಮಾತ್ರೆಯೇನೂ ಬದಲಾಗದು.

ಪೃಚ್ಛಕ:
ನಿಜ ಹೇಳಬೇಕೆಂದರೆ ಸೌಲ ನನ್ನ ತಲೆಯಲ್ಲೇ ಇರಲಿಲ್ಲ. ಹುಡುಕುವ "ಅರಸು", ಆಳುವ "ಅರಸು" ಎರಡನ್ನೂ ಒಂದೇ ಸಾಲಿಗೆ ಕಟ್ಟುವ ಚಪಲವಷ್ಟೇ. ಹೀಬ್ರೂವಿನಲ್ಲಿ ಸೌಲ ಎಂದರೆ "ಕೇಳಿ ಪಡೆದವನು". ನಮಗೊಬ್ಬ ಅರಸ ಬೇಕೆಂದು ಹಟ ಹಿಡಿದು ಕೇಳಿದ ಜನಕ್ಕೆ ಸಿಕ್ಕವನು.

ಇರುವಂತಿಗೆ:
ಪಟ್ಟಕ್ಕೆ ಏರಿಸಿ ಅಲ್ಲೇ ಬಿಟ್ಟರೆ ಹೇಗೆ? ಕಡೆಯಿಂದ ಶುರುಮಾಡಿದ್ದೇನೆ:

ಕತ್ತಿಯ ಮೇಲೆಯೆ ಬಿಳ್ದಂ
ಸುತ್ತಲ್ ಸುತರಳಿದ ಗಿಲ್ಬೊವದ ಬೆಟ್ಟದ ಮೇಲ್
ಎತ್ತಣಿನೆತ್ತಣ ಬಾಳೋ
ಕತ್ತೆಯನರಸುತೆ ನಡೆದವನರಸಾದನಲಾ

ಸೌಲ ಯುದ್ಧದಲ್ಲಿ ಸತ್ತ ಬೆಟ್ಟ ಗಿಲ್ಬೋವ; ಅದರ "ಬೋ"ವನ್ನು ಹ್ರಸ್ವ ಮಾಡಿದ್ದು ಆರನೇ ಗಣದ ಕಾಟಕ್ಕೆ. ಕ್ಷಮೆ ಇರಲಿ.

ತುಂಟಪ್ರಾಸ:
ಕತ್ತೆಗೆ ಕತ್ತಿ! ಇದನ್ನು ನಾನು ಬರೆಯಬೇಕಿತ್ತು, ಹೊಟ್ಟೆ ಉರಿಯುತ್ತಿದೆ. ಮೂರನೇ ಸಾಲು ಮಾತ್ರ ಬರೀ ಭರ್ತಿ, ಯಾರ ಬಾಳಿಗಾದರೂ ಹೊಂದುತ್ತದೆ. ಯೋನಾತಾನ ಸೇರಿ ಮೂವರು ಮಕ್ಕಳು ಸತ್ತಿದ್ದಾರೆ, ಸೌಲನಿಗೆ ಬಾಣದ ಗಾಯವಾಗಿದೆ, "ನೀನೇ ಇರಿದುಬಿಡು" ಎಂದರೆ ಆಯುಧ ಹೊರುವ ಹುಡುಗ ಹೆದರಿ ಒಲ್ಲೆ ಎನ್ನುತ್ತಾನೆ. ಆಮೇಲೆ ಶತ್ರುಗಳಾದ ಫಿಲಿಷ್ಟಿಯರು ತಲೆ ಕಡಿದು ದೇಹವನ್ನು ಬೇತ್‌ಷೆಯಾನಿನ ಗೋಡೆಗೆ ತೂಗುಹಾಕಿದರು. ಇಷ್ಟೆಲ್ಲ ಇರುವಾಗ "ಎತ್ತಣಿನೆತ್ತಣ"ವೇ?

ಇರುವಂತಿಗೆ:
ಒಪ್ಪಿದೆ. ಹೀಗೆ ಮಾಡಿದರೆ?

ತೆತ್ತಂ ತಲೆಯಂ, ಮೊದಲೊಳ್
ಕತ್ತೆಯನರಸುತೆ ನಡೆದವನರಸಾದನಲಾ

ತುಂಟಪ್ರಾಸ:
ಈಗ ಪದ್ಯವಾಯಿತು.

ಗುರುಲಘು:
ಆ ಗೋಡೆಯಿಂದ ದೇಹ ಇಳಿಸಿದ್ದು ಯಾರು ಗೊತ್ತೇ? ಯಾಬೇಷ್ ಗಿಲ್ಯಾದಿನವರು. ಹಿಂದೆ ಅಮ್ಮೋನಿಯರ ಅರಸ ನಾಹಾಷ ಆ ಊರವರ ಬಲಗಣ್ಣು ಕೀಳುತ್ತೇನೆಂದಾಗ ಸೌಲ ಬಂದು ಉಳಿಸಿದ್ದ. ಅದು ಅವನ ಮೊದಲ ಗೆಲುವು. ಅವರು ರಾತ್ರಿಯಿಡೀ ನಡೆದು ಬಂದು ಹೊತ್ತೊಯ್ದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಗಂಟಲು ಕಟ್ಟುವ ಜಾಗ ಇದೇ, ಕಂದದಲ್ಲಿ ಹಿಡಿಸಲು ನನ್ನಿಂದಾಗಲಿಲ್ಲ.

ಇರುವಂತಿಗೆ:
ಕತ್ತೆಯಿಂದ ಪಟ್ಟಕ್ಕೇರಿದವನು ಕೆಟ್ಟದ್ದು ಮಾತ್ರ ಕುರಿಯಿಂದ. ಶತ್ರುಗಳಾದ ಅಮಾಲೇಕರದ್ದೆಲ್ಲ ನಾಶಮಾಡು ಎಂದು ಸಮುವೇಲ ಹೇಳಿದರೆ ಅವರ ಅರಸ ಅಗಾಗನನ್ನೂ ಕೊಬ್ಬಿದ ಕುರಿ ದನಗಳನ್ನೂ ಉಳಿಸಿಕೊಂಡ. "ಹೇಳಿದಂತೆ ಮಾಡಿದೆ" ಅಂತ ಬೇರೆ ಹೇಳಿದ, ಹಿಂದೆ ಕುರಿಗಳು ಅರಚುತ್ತಿವೆ! ಸಮುವೇಲನಿಗೆ ಕಿವಿ ಇಲ್ಲವೇ?

ಪೃಚ್ಛಕ:
ಸಮಸ್ಯೆ ಕೊಟ್ಟವನು ಪೂರಣ ಮಾಡಬಾರದು, ಆದರೂ ತಡೆಯಲಾಗುತ್ತಿಲ್ಲ. ದಾವೀದ ಎಂದರೆ ಮುಂದೆ ಇಸ್ರೇಲಿನ ಅರಸನಾದವನು:

ಮತ್ತಂ ದಾವೀದನನರ
ಸುತ್ತಡವಿಯೊಳಲೆದು ರಾಜ್ಯಮಂ ಕಳೆದನವಂ
ಬಿತ್ತರಿಪುದೇನೊ ಬಿದಿಯಂ
ಕತ್ತೆಯನರಸುತೆ ನಡೆದವನರಸಾದನಲಾ

ಗುರುಲಘು:
ಭಲೇ! "ಅರಸುತ್ತಡವಿ"ಯನ್ನು ಸಾಲಿನಂಚಿನಲ್ಲಿ ಮುರಿದು ಪ್ರಾಸಕ್ಕೆ ಕೂರಿಸಿದ್ದೀರಿ. ಒಮ್ಮೆ ಅರಸಿ ಪಡೆದದ್ದನ್ನು ಇನ್ನೊಮ್ಮೆ ಅರಸಿ ಕಳೆದುಕೊಂಡ. ಏಂಗೆದಿಯ ಗುಹೆ ನೆನಪಾಯಿತು. ಒಬ್ಬನನ್ನು ಹಿಡಿಯಲು 3,000 ಮಂದಿ. ದಾವೀದ ಕತ್ತಲಲ್ಲಿ ಸೌಲನ ಮೇಲಂಗಿಯ ಅಂಚು ಕತ್ತರಿಸಿಕೊಂಡು, ಆಮೇಲೆ ಹೊರಗೆ ನಿಂತು ಕೇಳುತ್ತಾನೆ: ಯಾರ ಬೆನ್ನು ಹತ್ತಿ ಬಂದೆ, ಒಂದು ಚಿಗಟದ ಬೆನ್ನನ್ನೇ?

ತುಂಟಪ್ರಾಸ:
ಕತ್ತೆ, ಕುರಿ, ಚಿಗಟ. ದೊಡ್ಡಿಯೇ ತುಂಬಿತು. ಅದಿರಲಿ, ಆ ಕತ್ತೆಗಳು ಕೊನೆಗೆ ಸಿಕ್ಕವೋ ಇಲ್ಲವೋ? ಯಾರೂ ಹೇಳಲೇ ಇಲ್ಲ.

ಗುರುಲಘು:
ಸಿಕ್ಕವು, ಆದರೆ ಸೌಲನಿಗಲ್ಲ. ಅವನು ಸಮುವೇಲನ ಮುಂದೆ ನಿಂತಾಗಲೇ ಅವು ಸಿಕ್ಕಾಗಿತ್ತು. ಅಷ್ಟು ಹೊತ್ತಿಗೆ ಅಪ್ಪ ಕತ್ತೆಯ ಚಿಂತೆ ಬಿಟ್ಟು, ಮಗ ಎಲ್ಲಿ ಹೋದನೋ ಎಂದು ಪೇಚಾಡುತ್ತಿದ್ದ.

ಪೃಚ್ಛಕ:
ಹಾಗಾದರೆ ಅಪ್ಪನ ಬಾಯಲ್ಲೂ ಒಂದು ಕಂದ ಬರಲಿ. ಭಾನುವಾರದವರೆಗೆ ಸಮಯ.