ನಾಟಿ ಪುರಾಣ

ನಾಣಿ ಚೀಲಾನ ಟೇಬಲ್ ಮೇಲೆ ಕುಕ್ಕಿ, "ನಾಟಿ ಟೊಮೆಟೊ ಕಣ್ರೋ! ಡಬಲ್ ರೇಟು, ಆದ್ರೂ ಬಿಡಲಿಲ್ಲ" ಅಂದ.

"ಯಾವೂರ ನಾಟಿ?" ಸುಬ್ಬು ಶುರು ಹಚ್ಕೊಂಡ. "ಟೊಮೆಟೊ ದಕ್ಷಿಣ ಅಮೆರಿಕದ್ದು. ಹಡಗು ಹತ್ತಿ ಬಂದಿದ್ದು. ವೀಸಾ ನೋಡಿದ್ಯಾ?"

"ಹುಳಿ ನೋಡು ಮೊದ್ಲು. ಸಾರಿಗೆ ಹುಣಸೆಹಣ್ಣೇ ಬೇಡ."

"ಸಾರು ಆಗ್ಲೇ ಆಗಿದೆ. ಚೀಲದ ತಳ ನೋಡು."

ಎರಡು ಹಣ್ಣು ಒಡೆದು, ಬೀಜದ ಸಮೇತ ರಸ ಕುಲಕರ್ಣಿಯ ಪೇಪರಿಗೆ ಇಳೀತಿತ್ತು. ಅವನು ಪೇಪರ್ ಎಳ್ಕೊಂಡು, "ನಮ್ಮ ಕಡೆ ಜವಾರಿ ಅಂತಾರ್ರೀ. ಜವಾರಿ ಕೋಳಿ, ಜವಾರಿ ಮೆಣಸಿನಕಾಯಿ. ನಾಟಿ ಅಂದ್ರ ಭತ್ತ ಹಚ್ಚೋದು" ಅಂದ.

"ಮೆಣಸಿನಕಾಯೂ ಹಡಗಲ್ಲೇ ಬಂದಿದ್ದಲ್ವೇನೋ?" ಶ್ಯಾಮ ಕೆಣಕಿದ.

"ಹೌದು. ಆದ್ರೆ ನಾನೂರು ವರ್ಷದ ಮೇಲಾಯ್ತು, ಬ್ಯಾಡಗಿಯಲ್ಲಿ ಮನೆ ಮಾಡ್ಕೊಂಡಿದೆ. ಆಧಾರ್ ಕೊಡೋಣ ಬಿಡು" ಅಂದ ಸುಬ್ಬು.

"ನಮ್ಮನೇಲಿ ನಾಟಿ ಮೊಟ್ಟೇನೇ. ಕಂದು ಬಣ್ಣದ್ದು" ಅಂದ ನಾಣಿ.

"ಬಣ್ಣ ಬರೋದು ತಳಿಯಿಂದ, ಮಹಾನುಭಾವ! ಕಂದು ಮೊಟ್ಟೆ ಇಡೋ ಫಾರಂ ಕೋಳೀನೂ ಇದೆ. ಅಷ್ಟ್ಯಾಕೆ, ಗಿರಿರಾಜ ಕೋಳಿ ತಳಿ ಹುಟ್ಟಿದ್ದು ಹೆಬ್ಬಾಳದ ಪಶುವೈದ್ಯ ಕಾಲೇಜಲ್ಲಿ. ಪುಕ್ಕ ಬಣ್ಣಬಣ್ಣ ಇದೆ ಅಂತ ಎಷ್ಟೋ ಅಂಗಡೀಲಿ ಅದೂ ನಾಟೀನೇ. ಕಾಲೇಜ್ ಓದಿದ ಕೋಳಿ ಕಣಯ್ಯಾ, ಮರ್ಯಾದೆ ಕೊಟ್ಟು ತಿನ್ನು."

"ಹಂಗಾದ್ರೆ ನಿಜವಾದ ನಾಟಿ ಯಾವುದೋ?" ನಾಣಿಗೆ ಕೋಪ ಬಂತು.

"ನಮ್ಮಜ್ಜಿ ಸಂಜೆ ಮಂಕರಿ ಮುಚ್ತಿದ್ಲಲ್ಲ, ಅದು. ಆದ್ರೆ ಅವಳ ಬಾಯಲ್ಲಿ ನಾಟಿ ಅನ್ನೋದನ್ನ ನಾನು ಕೇಳೇ ಇಲ್ಲ. ಬರೀ ಕೋಳಿ. ನಲವತ್ತು ದಿನಕ್ಕೇ ಬೆಳೆಯೋ ಬಾಯ್ಲರ್ ಬಂದ್ಮೇಲೆ, ಪಾಪ, ಅದಕ್ಕೂ ಒಂದು ಇನಿಷಿಯಲ್ ಬೇಕಾಯ್ತು."

"ನಿನಗೇನಪಾ, ಊರಿಗೆ ಹ್ವಾದ್ರ ಈಗೂ ಅದ ಸಿಗತೈತಿ."

"ಎಲ್ಲಿ ಸಿಗುತ್ತೆ! ನಮ್ಮ ದೊಡ್ಡಪ್ಪನ ಮಗ ನಾಟೀನೆಲ್ಲ ಬೆಂಗಳೂರು ಕಾರಿನವರಿಗೆ ಮಾರ್ತಾನೆ. ಆರು ತಿಂಗಳು ಸಾಕಿದ್ದನ್ನ ನಾವೇ ತಿಂದ್ರೆ ಗಿಟ್ಟುತ್ತಾ ಅಂತಾನೆ. ಹಬ್ಬಕ್ಕೆ ಹೋದ್ರೆ ನನಗೂ ಬಾಯ್ಲರ್ ಸಾರೇ."

"ಥೂ! ತಿಂದ್ಯಾ?"

"ಅತ್ತಿಗೆ ಒಳಕಲ್ಲಲ್ಲಿ ಖಾರ ರುಬ್ಬಿದ್ರು ಕಣೋ. ಎರಡು ಮುದ್ದೆ ಇಳೀತು."